ಗೋಣಿಮರದಡಿಯ ಜ್ವರ

ಕಾವೇರಮ್ಮ ಮಗಳು ಪುಟ್ಟತಾಯಿಯನ್ನು ಇಸ್ಕೂಲು ಬಿಡಿಸಿದ್ದು ಹುಳದ ವಾಸನೆಯ ಕಾರಣಕ್ಕೆ. ಅಕ್ಕೂರಿನಾಚೆಯ ಹಳ್ಳಿಗಳೆಲ್ಲ ರಾಗಿ ಹೊಲಕ್ಕೂ ರೇಷ್ಮೆ ಸೊಪ್ಪಿನ ಕಡ್ಡಿ ನಾಟಿದ್ದ ವರ್ಷಗಳು ಅವು. ನಡುಮನೆ ತುಂಬ ಹುಳದ ತಟ್ಟೆಗಳು, ಮನೆಯವರು ಮೂಲೆಯಲ್ಲಿ ಮುದುರಿ ಮಲಗುವುದು. ಮಕ್ಕಳ ಬಟ್ಟೆಗೆ, ತಲೆಗೂದಲಿಗೆ, ಉಣ್ಣುವ ಮುದ್ದೆಗೂ ಆ ಹಸಿ ವಾಸನೆ ಹತ್ತಿಕೊಂಡಿತ್ತು. ಹೊಸದಾಗಿ ಬಂದ ಮೇಷ್ಟರು ಮೂಗಿಗೆ ಕರವಸ್ತ್ರ ಹಿಡಿದು ಪುಟ್ಟತಾಯಿಯನ್ನು ಬಾಗಿಲಾಚೆ ಕೂರಿಸಿದರು. ಅಲ್ಲಿಂದ ಮನೆಗೆ ಬಂದ ಹುಡುಗಿ ತಲೆಯನ್ನು ಸೀಗೆಪುಡಿ ಹಾಕಿ ಉಜ್ಜಿ ಉಜ್ಜಿ ನೆತ್ತಿ ಕೆಂಪು ಮಾಡಿಕೊಂಡಿದ್ದಳು.

"ನಾಳೆಯಿಂದ ನೀ ಹೋಗ್ಬೇಡ. ನಾನೇ ಕಲಿಸ್ತೀನಿ," ಅಂದಳು ಕಾವೇರಮ್ಮ. ಅವಳು ಎಸ್ಸೆಸ್ಸೆಲ್ಸಿವರೆಗೆ ಓದಿದವಳು.

ಗಂಡ ಚೆಲುವಯ್ಯ ಸೊಪ್ಪು ಹೆಚ್ಚುತ್ತಿದ್ದ ಕತ್ತಿ ನಿಲ್ಲಿಸಿ, "ಹುಳಕ್ಕೆ ಹೊತ್ತೊತ್ತಿಗೆ ಸೊಪ್ಪು ಹಾಕಕ್ಕೇ ಪುರುಸೊತ್ತಿಲ್ಲ, ನೀನು ಮೇಷ್ಟ್ರಾಯ್ತೀಯಾ?" ಎಂದು ನಕ್ಕ. ಬೇಡ ಅನ್ನಲಿಲ್ಲ.

ಮೊದಲು ಜೊತೆಯಾದವಳು ಸರಸಮ್ಮ. ಕುರಿ ಮೇಯಿಸುವ ಮನೆಯವಳು; ಕುರಿ ಹಿಂದೆ ತಿರುಗುವ ಅವಳ ಮಕ್ಕಳು ಇಸ್ಕೂಲಿನ ಮುಖ ಕಂಡಿರಲಿಲ್ಲ. ಆಮೇಲೆ ಬಂದವಳು ಚನ್ನಪಟ್ಟಣದ ಜಹೀದಾ. ರೇಷ್ಮೆಗೂಡು ಕೊಳ್ಳಲು ಬರುತ್ತಿದ್ದ ಗಂಡನ ಜೊತೆ ಬಂದು ಕಾವೇರಮ್ಮನ ಜಗಲಿಯ ಪಾಠ ನೋಡಿದ್ದಳು. ಗಂಡನ ಗೂಡು ಬೇಯಿಸಿ ನೂಲು ತೆಗೆಯುವ ಮನೆಯಲ್ಲಿ ಕುದಿನೀರಿಗೆ ಕೈಯಿಟ್ಟು ಬಿಳಿಚಿದ ಕೂಲಿ ಮಕ್ಕಳ ಬೆರಳುಗಳನ್ನು ದಿನಾ ಕಂಡಿದ್ದವಳು. "ನನ್ನ ಎರಡು ಮಕ್ಕಳಿಗೂ ಜಾಗ ಕೊಡಿ ಅಕ್ಕ. ಬಸ್ಸಿಗೆ ನಾನೇ ಕರ್ಕೊಂಡು ಬರ್ತೀನಿ," ಅಂದಳು.

ಮಕ್ಕಳು ಹೆಚ್ಚಿದಂತೆ ಜಗಲಿ ಸಾಲದಾಯಿತು. ಗುಡ್ಡದ ಬುಡದಲ್ಲಿ ಒಂದು ದೊಡ್ಡ ಗೋಣಿಮರ ಇತ್ತು. ಸುತ್ತ ಕಣ್ಣು ಹಾಯುವಷ್ಟು ರೇಷ್ಮೆ ತೋಟ, ಅದರಡಿ ಮಾತ್ರ ಬರಿ ನೆಲ. ಅಲ್ಲಿ ಕಡ್ಡಿ ನಾಟಿದರೆ ಬೇರು ಹಿಡಿಯುವುದಿಲ್ಲ ಎಂದು ಹಳಬ ಅಂಕಯ್ಯ ಹೇಳಿದ. ಮಕ್ಕಳಿಗೆ ಬೇಕಾದದ್ದು ನೆರಳು ತಾನೇ ಎಂದು ಹೆಂಗಸರು ಅಲ್ಲೇ ಗುಡಿಸಿ ಸಾರಿಸಿದರು.

ಆ ಬೇಸಿಗೆ ಚೆನ್ನಾಗಿಯೇ ಕಳೆಯಿತು. ಮಕ್ಕಳು ಎಲೆಯ ನರ ನೋಡಿ ಮರಳಿನ ಮೇಲೆ ಗೀರುತ್ತಿದ್ದರು, ಗೆದ್ದಲಿನ ಸಾಲು ಹಿಡಿದು ಎಣಿಕೆ ಕಲಿಯುತ್ತಿದ್ದರು. ಯಾವ ಕಾಯಿ ತಿಂದರೆ ಕುರಿಗೆ ಹೊಟ್ಟೆ ಉಬ್ಬುತ್ತದೆ ಎಂದು ಸರಸಮ್ಮ ಹೇಳಿಕೊಡುತ್ತಿದ್ದಳು. ಪುಟ್ಟತಾಯಿ ಮತ್ತೆ ಜೋರಾಗಿ ನಗಲು ಶುರುಮಾಡಿದಳು.

ಒಂದು ಬೆಳಿಗ್ಗೆ ಆ ನಗು ನಡುವೆಯೇ ನಿಂತಿತು. ಕಾವೇರಮ್ಮ ತಿರುಗಿ ನೋಡಿದರೆ ಮಕ್ಕಳೆಲ್ಲ ಕೂತಲ್ಲೇ ಕತ್ತು ಮೇಲೆತ್ತಿ ಕೂತಿದ್ದರು. ರೆಪ್ಪೆ ಬಡಿಯುತ್ತಿಲ್ಲ. ಕೂಗಿದರೆ ಕೇಳುತ್ತಿಲ್ಲ. ಜಹೀದಾಳ ಮಗನ ಕೆನ್ನೆಯ ಮೇಲೆ ಇರುವೆ ಹರಿದು ಕಣ್ಣಿನ ಅಂಚಿಗೆ ಬಂದರೂ ಹುಡುಗ ಅಲುಗಲಿಲ್ಲ.

ಆ ಭಂಗಿ ಕಾವೇರಮ್ಮನಿಗೆ ಗೊತ್ತಿತ್ತು. ದಿನಾ ತಟ್ಟೆಯಲ್ಲಿ ನೋಡುತ್ತಿದ್ದದ್ದೇ. ರೇಷ್ಮೆ ಹುಳ ಹಳೆ ಚರ್ಮ ಕಳಚುವ ಮುಂಚೆ ಸೊಪ್ಪು ಬಿಟ್ಟು, ತಲೆ ಎತ್ತಿ, ಹೀಗೇ ಕೂತುಬಿಡುತ್ತದೆ. ಸಾಕುವವರು ಅದಕ್ಕೆ ಜ್ವರ ಅನ್ನುತ್ತಾರೆ. ನಾಲ್ಕು ಜ್ವರ ಎದ್ದ ಹುಳ ಹೊಟ್ಟೆ ಬಿರಿಯೆ ತಿಂದು, ಹಣ್ಣಾಗಿ, ಗೂಡು ಕಟ್ಟುತ್ತದೆ.

ಸ್ವಲ್ಪ ಹೊತ್ತಿಗೆ ಮಕ್ಕಳು ಎಚ್ಚೆತ್ತರು. ಏನಾಯಿತೆಂದು ಒಬ್ಬರಿಗೂ ಗೊತ್ತಿಲ್ಲ. ಎಲ್ಲರಿಗೂ ವಿಪರೀತ ಹಸಿವು. ಬುತ್ತಿಯೆಲ್ಲ ತಿಂದು ಮುಗಿಸಿ ಇನ್ನೂ ಬೇಕು ಅಂದರು.

ಬಿಸಿಲಿನ ಝಳ ಎಂದುಕೊಂಡರು. ಆದರೆ ಮುಂದಿನ ವಾರ ಮೋಡ ಮುಚ್ಚಿದ ದಿನವೂ ಅದೇ ಆಯಿತು. ಡಾಕ್ಟರು ನೋಡಿ ಮಕ್ಕಳು ಗಟ್ಟಿಯಾಗಿದ್ದಾರೆ ಅಂದರು. ಅಂಕಯ್ಯ ಮಾತ್ರ ಮುಖ ಸಣ್ಣದು ಮಾಡಿಕೊಂಡ. "ಮುಟ್ಟಕ್ಕೆ ಹೋಗ್ಬೇಡಿ ಕಣವ್ವ. ಜ್ವರಕ್ಕೆ ಕೂತ ಹುಳ ಅಲುಗಿಸಿದ್ರೆ ಕೆಟ್ಟೋಯ್ತದೆ."

ಮರದ ಹತ್ತಿರ ಹೋಗುವುದನ್ನೇ ಬಿಟ್ಟರು. ಮಕ್ಕಳು ಅವರವರ ಮನೆಯಲ್ಲಿ ಉಳಿದರು. ಒಂದು ದಿನ ಪುಟ್ಟತಾಯಿ ತಟ್ಟೆಗೆ ಸೊಪ್ಪು ಉದುರಿಸುತ್ತಿದ್ದವಳು ಹಾಗೇ ಕೂತು ಕತ್ತೆತ್ತಿದಳು. ಸರಸಮ್ಮನ ಮಕ್ಕಳು ಕುರಿ ರೊಪ್ಪದಲ್ಲಿ ಕತ್ತೆತ್ತಿದ್ದರು. ಮಾರನೆಯ ದಿನ ಜಹೀದಾ ಚನ್ನಪಟ್ಟಣದಿಂದ ಓಡಿ ಬಂದಳು. ಅಲ್ಲೂ ಅದೇ ಹೊತ್ತಿಗೆ ಅವಳ ಮಕ್ಕಳು ಗುಡ್ಡದ ದಿಕ್ಕಿಗೆ ಮುಖ ಮಾಡಿ ಕೂತಿದ್ದರು.

"ಮೂರಾಯ್ತು," ಅಂದಳು ಕಾವೇರಮ್ಮ.

ಜಹೀದಾ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. "ಗೂಡು ಕಟ್ಟಿದ ಮೇಲೆ ಏನಾಗುತ್ತೆ ಅಂತ ನಮ್ಮ ಮನೇಲಿ ದಿನಾ ನೋಡ್ತೀನಿ ಅಕ್ಕ."

ಮನೆಯಲ್ಲಿಟ್ಟುಕೊಂಡರೂ ತಪ್ಪದು ಎಂದ ಮೇಲೆ ಅವಿತುಕೊಂಡು ಫಲವಿಲ್ಲ. ಅದೇನೆಂದು ತಾನೇ ನೋಡಬೇಕು ಎಂದು ಕಾವೇರಮ್ಮ ಹಟ ಹಿಡಿದಳು. ಮಕ್ಕಳನ್ನೆಲ್ಲ ಕರೆದುಕೊಂಡು ಮರದಡಿಗೆ ಹೋಗಿ ಮಗಳ ಪಕ್ಕ ಕೂತಳು. ಸರಸಮ್ಮ ಕುರಿಗಳೊಂದಿಗೆ ನೆರಳಿನಾಚೆ ನಿಂತಳು. ಜಹೀದಾ ಅವಳ ತೋಳು ಹಿಡಿದುಕೊಂಡಿದ್ದಳು.

ಮಕ್ಕಳು ಸುಮ್ಮನಾದರು. ಅವರಂತೆ ಕಾವೇರಮ್ಮನೂ ಕತ್ತು ಎತ್ತಿದಳು.

ಮೊದಲು ಮಳೆಯಂಥ ಸದ್ದು ಕೇಳಿತು. ದೊಡ್ಡ ಹುಳಗಳು ಸೊಪ್ಪು ಮೇಯುವ ಸದ್ದು, ಸುತ್ತಲಿನ ತೋಟಗಳೆಲ್ಲ ಒಟ್ಟಿಗೆ ಮೇಯುತ್ತಿರುವಂತೆ. ಆಮೇಲೆ ಆ ಸದ್ದಿನ ನಡುವೆ ಹೆಜ್ಜೆ. ಬರಿಗಾಲು, ಆತುರವಿಲ್ಲದ್ದು. ಮನೆಯಲ್ಲಿ ತಟ್ಟೆಗಳ ನಡುವೆ ತಾನು ನಡೆಯುವ ಹಾಗೆಯೇ ಯಾರೋ ಮಕ್ಕಳ ನಡುವೆ ನಡೆಯುತ್ತಿದ್ದರು. ಒಬ್ಬೊಬ್ಬರ ಹತ್ತಿರವೂ ನಿಂತು, ಬಾಗಿ, ಮುಂದೆ ಹೋಗುತ್ತಿದ್ದರು. ಗೂಡು ಕಟ್ಟಲು ಹಣ್ಣಾದ ಹುಳವನ್ನು ತಟ್ಟೆಯಿಂದ ಆರಿಸುವಾಗ ಹಾಗೆ ಬಾಗಬೇಕಾಗುತ್ತದೆ.

ಹೆಜ್ಜೆ ಪುಟ್ಟತಾಯಿಯ ಹತ್ತಿರ ಬಂದು ನಿಂತಿತು. ಮುಂದೆ ಹೋಗಲಿಲ್ಲ.

ಕಾವೇರಮ್ಮ ಕೈ ಚಾಚಲು ನೋಡಿದಳು. ಕೈ ಏಳಲಿಲ್ಲ. ಕೂಗಲು ನೋಡಿದಳು, ನಾಲಿಗೆ ಹೊರಳಲಿಲ್ಲ. ಭಯವೂ ಎಲ್ಲೋ ದೂರದಲ್ಲಿ ನಿಂತಿತ್ತು. ಮೈಗೆ ತಂಪು ಹತ್ತುತ್ತಿತ್ತು, ಹಿತವಾಗಿತ್ತು.

ಹೊರಗೆ ನಿಂತಿದ್ದ ಸರಸಮ್ಮನಿಗೆ ಕಂಡದ್ದು ಪುಟ್ಟತಾಯಿ ಕೂತಲ್ಲಿಂದ ಮೆಲ್ಲನೆ ಮೇಲಕ್ಕೆ ಏಳುತ್ತಿದ್ದದ್ದು. ಹಿಡಿದೆತ್ತುವವರು ಯಾರೂ ಇರಲಿಲ್ಲ. ಹುಡುಗಿಯ ಪಾದ ನೆಲ ಬಿಟ್ಟಿತ್ತು.

ಸರಸಮ್ಮ ಮುಂದಕ್ಕೆ ಹೆಜ್ಜೆಯಿಟ್ಟಳು. "ಮುಟ್ಟಬಾರದು ಅಂದಿದ್ರಲ್ಲ ಅಂಕಯ್ಯ!" ಎಂದು ಜಹೀದಾ ಚೀರಿದಳು.

"ಹುಳದ ಸಾಸ್ತ್ರ ನಂಗ್ಯಾಕೆ? ನಾನು ಕುರಿಯೋಳು," ಎಂದು ಸರಸಮ್ಮ ಸಿಳ್ಳೆ ಹಾಕಿ ಇಡೀ ಹಿಂಡನ್ನು ಮಕ್ಕಳ ನಡುವೆ ನುಗ್ಗಿಸಿದಳು. ಧೂಳು, ಗೊರಸು, ಮ್ಯಾ ಎನ್ನುವ ಅರಚಾಟ. ಪುಟ್ಟತಾಯಿ ಧೊಪ್ಪನೆ ಒಂದು ಟಗರಿನ ಬೆನ್ನ ಮೇಲೆ ಬಿದ್ದಳು. ಮಕ್ಕಳು ಬೆಚ್ಚಿ ಅಳತೊಡಗಿದರು, ಕಾವೇರಮ್ಮನ ಕೈಕಾಲಿಗೂ ಜೀವ ಬಂತು. ಮಕ್ಕಳನ್ನೆಲ್ಲ ಎಳೆದುಕೊಂಡು ಮೂವರೂ ರಸ್ತೆಯವರೆಗೆ ಓಡಿದರು.

ಮರುದಿನ, ಹೆಂಗಸರು ಮರದಡಿ ಬಿಟ್ಟುಬಂದ ನೀರಿನ ಬಿಂದಿಗೆ ತರಲು ಚೆಲುವಯ್ಯ ಹೋದ. ಬಿಂದಿಗೆ ಇಲ್ಲದೆ ವಾಪಸು ಬಂದ. ಮಕ್ಕಳು ಕೂತಿದ್ದ ಒಂದೊಂದು ಜಾಗದಲ್ಲೂ ನೆಲದ ಮೇಲೆ ಬಿಳಿ ಎಳೆಗಳ ಸಣ್ಣ ಸುತ್ತು ಇತ್ತಂತೆ. ಆಗಷ್ಟೇ ನೂತದ್ದು, ಇನ್ನೂ ಒದ್ದೆ. ಅದರಲ್ಲಿ ಒಂದು ಮಾತ್ರ ದೊಡ್ಡದು, ಹೆಂಗಸು ಕೂತಷ್ಟು ಅಗಲ.

ಪಾಠ ನಿಲ್ಲಿಸಲು ಗಂಡಸರೆಲ್ಲ ಹೇಳಿದರು. ಸರಸಮ್ಮ ಒಪ್ಪಲಿಲ್ಲ. "ಕುರಿ ಒಂದೇ ಕಡೆ ನಿಲ್ಲಕಿಲ್ಲ. ಮಕ್ಳನ್ನೂ ಹಂಗೇ ನಡೆಸಾನ." ಅಲ್ಲಿಂದ ಅವರು ಎರಡು ದಿನ ಒಂದೇ ಕಡೆ ಕೂರಲಿಲ್ಲ. ಇವತ್ತು ದೊಡ್ಡಮಳೂರಿನ ತೋಪು, ನಾಳೆ ಕಣ್ವ ಜಲಾಶಯದ ಏರಿ, ಇನ್ನೊಂದು ದಿನ ಯಾವುದೋ ಬಂಡೆಯ ಮೇಲೆ. ನಡೆಯುತ್ತಲೇ ಮಗ್ಗಿ ಹೇಳುತ್ತಿದ್ದರು. ಬೇರೆ ಊರುಗಳಿಂದಲೂ ಕೆಲವರು ಮಕ್ಕಳನ್ನು ತಂದು ಸೇರಿಸಿದರು. ಯಾರೂ ಮತ್ತೆ ಕತ್ತೆತ್ತಿ ಕೂರಲಿಲ್ಲ.

ತುಂಬ ದಿನಗಳ ಮೇಲೆ, ಕಣ್ವದ ನೀರಿನ ಅಂಚಿನಲ್ಲಿ ಕಲ್ಲು ಆಯುತ್ತಿದ್ದ ಪುಟ್ಟತಾಯಿ ಇದ್ದಕ್ಕಿದ್ದಂತೆ ಅಂದಳು: "ಅವ್ವ, ಮರದತ್ರ ನನ್ನೆಸ್ರು ಕೇಳಿದ್ರು."

"ಯಾರವ್ವ?"

"ಗೊತ್ತಿಲ್ಲ. ಮೆತ್ತಗೆ ಕೇಳಿದ್ರು. ನಂಗೆ ಭಯ ಆಯ್ತು, ಹೇಳ್ನಿಲ್ಲ."

"ಮತ್ತೆ ಏನಂದೆ?"

ಹುಡುಗಿ ಕಲ್ಲನ್ನು ನೀರಿಗೆ ಎಸೆದಳು. "ನಿನ್ನೆಸ್ರು ಹೇಳ್ಬುಟ್ಟೆ."

ಕಾವೇರಮ್ಮ ಮಗಳ ತಲೆ ಸವರಿ, ಮಕ್ಕಳನ್ನೆಲ್ಲ ಎಬ್ಬಿಸಿಕೊಂಡು ಏರಿ ಹತ್ತಿ ನಡೆದಳು. ಅವತ್ತಿನಿಂದ ಹಿಂದಿನಿಂದ ಯಾರಾದರೂ ಹೆಸರು ಹಿಡಿದು ಕರೆದರೆ ಅವಳು ಓಗೊಡುತ್ತಿರಲಿಲ್ಲ. ಕರೆದವರು ಎದುರಿಗೆ ಬಂದು ನಿಲ್ಲಬೇಕಿತ್ತು.