ಸ್ಪಿನ್‌ಸ್ಟರ್ ಪದದ ಕಾರ್ಡು

“‘ಉಳಿದುಹೋದವಳು’ ಅಂತ ನಾನು ಬರೆದಿರಲಿಲ್ಲ ಸಾರ್. ನನ್ನ ಕಾರ್ಡಿಗೆ ಇದು ಹೇಗೆ ಬಂತು?”

ಸಂಪಾದಕರು ತಲೆಯೆತ್ತಲಿಲ್ಲ. ಆ ನಿಘಂಟು ಕಚೇರಿಯಲ್ಲಿ ಕೆಂಪು ಶಾಯಿ ಇದ್ದುದು ಅವರೊಬ್ಬರ ಹತ್ತಿರ. ಇಪ್ಪತ್ತೊಂದು ವರ್ಷಗಳಿಂದ ಇಂಗ್ಲಿಷ್ ಪದಗಳಿಗೆ ಕಾರ್ಡು ಬರೆಯುತ್ತಿದ್ದ ಆಕೆಯನ್ನು ಎಲ್ಲರೂ ಕಾರ್ಡಕ್ಕ ಎನ್ನುತ್ತಿದ್ದರು. ಸ್ಪಿನ್‌ಸ್ಟರ್ ಪದಕ್ಕೆ ಅವಳು ಎರಡು ಅರ್ಥ ಕೊಟ್ಟಿದ್ದಳು. ಮೊದಲನೆಯದು, ನೂಲು ತೆಗೆಯುವ ಕಸುಬಿನವಳು. ಪದ ಹುಟ್ಟಿದ್ದೇ ಅಲ್ಲಿ. ಎರಡನೆಯದು, ಮದುವೆಯಾಗದ ಹೆಂಗಸು. ಈಗ ಮೊದಲನೆಯದಕ್ಕೆ ಕೆಂಪು ಗೀಟು ಬಿದ್ದಿತ್ತು. ಎರಡನೆಯದರ ಜಾಗದಲ್ಲಿ ‘ಗಂಡು ಸಿಗದೆ ಉಳಿದುಹೋದವಳು’ ಎಂದಿತ್ತು.

ಸಂಪಾದಕರು ಏನೇ ತಿದ್ದಲಿ, ಕೊನೆಗೆ ಕಾರ್ಡು ಬರೆದವರ ಸಹಿ ಬೀಳಬೇಕು, ಇಲ್ಲದಿದ್ದರೆ ಅದು ಅಚ್ಚಿಗೆ ಹೋಗದು. ಇದು ಕಚೇರಿಯ ಹಳೆಯ ಕಟ್ಟುಪಾಡು. ಅಚ್ಚಿನ ಮನೆಯವನು ಬಾಗಿಲ ಬಳಿ ಸ್ಟೂಲಿನ ಮೇಲೆ ಕಾಯುತ್ತಿದ್ದ. ಎಸ್ ಅಕ್ಷರದ ಕಟ್ಟಿನಲ್ಲಿ ಬಾಕಿ ಇದ್ದುದು ಈ ಒಂದೇ ಕಾರ್ಡು.

“ಸಹಿ ಹಾಕಿಬಿಡಿ ಅಮ್ಮ. ಈಗ ಯಾರು ನೂಲ್ತಾ ಕೂತಿದಾರೆ? ಜನ ಬಳಸೋ ಅರ್ಥ ಸಾಕು.”

“ಅದನ್ನೂ ಕೊಟ್ಟಿದ್ದೀನಲ್ಲ!” ಅವಳು ಎದ್ದು ಹೋಗಿ ಬಿ ಡ್ರಾಯರು ಎಳೆದಳು. ಬ್ಯಾಚುಲರ್ ಪದದ ಕಾರ್ಡು ಸಂಪಾದಕರೇ ಬರೆದದ್ದು. ಹಿಂದಿನ ಕಾಲದ ತರುಣ ಯೋಧರಿಂದ ಹಿಡಿದು ಎಂಟು ಸಾಲಿನ ಹುಟ್ಟುಕಥೆ. ಕೊನೆಗೆ ಚೊಕ್ಕವಾಗಿ ‘ಅವಿವಾಹಿತ’.

“ಈಗ ಯಾರು ಕುದುರೆ ಹತ್ತಿ ಯುದ್ಧಕ್ಕೆ ಹೋಗ್ತಿದಾರೆ ಸಾರ್? ‘ಹೆಣ್ಣು ಸಿಗದೆ ಉಳಿದುಹೋದವನು’ ಅಂತ ಯಾಕೆ ಬರೀಲಿಲ್ಲ?”

ಸ್ಟೂಲಿನವನು ಕೆಮ್ಮಿದ. ಅವಳಂತೆ ಸಂಪಾದಕರಿಗೂ ಮದುವೆಯಾಗಿರಲಿಲ್ಲ, ಆ ಮಾತನ್ನು ಅವರೆದುರು ಈವರೆಗೆ ಯಾರೂ ಎತ್ತಿರಲಿಲ್ಲ.

“ನಿಮ್ಮ ಸ್ವಂತ ನೋವನ್ನ ನಿಘಂಟಿಗೆ ತರಬೇಡಿ. ಈ ಸಂಪುಟಕ್ಕೆ ನಿಮ್ಮ ಕರಾರು ಮುಗಿಯುತ್ತೆ. ಮುಂದಿನದಕ್ಕೆ ಶಿಫಾರಸು ಬರೀಬೇಕಾದವನು ನಾನು, ನೆನಪಿರಲಿ.”

ಅವಳಿಗೆ ಮೈಯೆಲ್ಲ ಉರಿದುಹೋಯಿತು. ನೋವಂತೆ ನೋವು! ಈ ಮೇಜಿನ ದುಡಿಮೆಯಿಂದಲೇ ಇಬ್ಬರು ತಂಗಿಯರನ್ನು ಓದಿಸಿದ್ದಳು, ಅಮ್ಮನನ್ನು ಕೊನೆಯತನಕ ನೋಡಿಕೊಂಡಿದ್ದಳು. ಮನೆಗೆ ಬಂದ ಗಂಡುಗಳನ್ನು ಬೇಡ ಎಂದವಳೂ ಅವಳೇ, ಅದೂ ಎರಡು ಸಲ. ಉಳಿದುಹೋಗುವುದಕ್ಕೆ ಅವಳೇನು ತಂಗಳೇ?

“ನೋವಲ್ಲ ಸಾರ್, ಸಿಟ್ಟು.”

ಹೊಸ ಕಾರ್ಡು ತೆಗೆದುಕೊಂಡಳು. ಎರಡೂ ಅರ್ಥಗಳನ್ನು ಮೊದಲಿದ್ದಂತೆಯೇ ಬರೆದು, ಸಹಿ ಹಾಕಿ, ಕಟ್ಟಿಗೆ ಸೇರಿಸಿ ದಾರ ಬಿಗಿದಳು. “ನನ್ನ ಸಹಿ ಇದಕ್ಕೆ ಮಾತ್ರ. ಇನ್ನೊಂದಕ್ಕೆ ಕತ್ತು ಕುಯ್ದ್ರೂ ಹಾಕಲ್ಲ.”

ಕಟ್ಟನ್ನು ಅಚ್ಚಿನ ಮನೆಯವನ ಕೈಗೆ ಕೊಟ್ಟಳು. ಸಂಪಾದಕರ ಕೈ ಅರ್ಧ ಮುಂದೆ ಬಂದು ಅಲ್ಲೇ ನಿಂತಿತು. ಅವನು ಇಬ್ಬರ ಮುಖವನ್ನೂ ನೋಡಿ, “ಸಹಿ ಇದೆಯಲ್ಲ, ಬರ್ತೀನಿ” ಎಂದು ಹೊರಟೇಬಿಟ್ಟ.

“ನಾಳೆಯಿಂದ ಬರಬೇಡಿ” ಎಂದರು ಸಂಪಾದಕರು.

“ಆಗಲಿ.” ಅವಳು ಚೀಲದಿಂದ ಬೀಗದ ಕೈಗಳನ್ನು ತೆಗೆದು ಮೇಜಿನ ಮೇಲಿಟ್ಟಳು. “ಟಿ ಡ್ರಾಯರು ಸ್ವಲ್ಪ ಬಿಗಿ. ಮೇಲಕ್ಕೆತ್ತಿ ಎಳೀಬೇಕು.”

ಅವಳ ಚಪ್ಪಲಿಯ ಸದ್ದು ಮೆಟ್ಟಿಲಿಳಿದು ಹೋಯಿತು. ಸಂಪಾದಕರು ಎದ್ದು ಬಂದು ಟಿ ಡ್ರಾಯರನ್ನು ಎಳೆದರು. ಬರಲಿಲ್ಲ. ಎರಡೂ ಕೈ ಹಾಕಿ ಎಳೆದರು.