ಹುಲಿಯಮ್ಮನ ಹೆಬ್ಬೆಟ್ಟು

ಬೆಳಗ್ಗೆ ಹತ್ತೂವರೆಗೆ ಹೊಂಗಡಹಳ್ಳದ ಬಸ್ಸು ಸಕಲೇಶಪುರದ ಹಳೇ ಮಿಲ್ ಬೀದಿಗೆ ತಿರುಗಿತೆಂದರೆ ಹಾರ್ನ್ ಹೊಡೆದೂ ಹೊಡೆದೂ ಡ್ರೈವರನ ಕೈ ಸೋಲಬೇಕು. ಎಡಕ್ಕೆ ಬಸವರಾಜು ಅವರ ಎರಡು ಪಿಕಪ್‌ಗಳು. ಬಲಕ್ಕೆ ಅವರ ಮಂಡಿಗೆ ಕಾಫಿ, ಮೆಣಸು ತಂದ ಬೆಳೆಗಾರರ ಜೀಪುಗಳು. ನಡುವೆ ಮಿಕ್ಕಿದ್ದೇ ರಸ್ತೆ. ಇದನ್ನು ಯಾರೂ ತೊಂದರೆ ಅಂದವರಲ್ಲ, ವ್ಯಾಪಾರ ಅನ್ನುತ್ತಿದ್ದರು.

ತೊಂದರೆ ಕಾಣಿಸಿದ್ದು, ಬೀದಿಯ ಕೊನೆಯಲ್ಲಿ ಮುಚ್ಚಿಬಿದ್ದಿದ್ದ ಲಾಡ್ಜನ್ನು ಜೂನ್‌ನಿಂದ ಕಾಲೇಜು ಹುಡುಗಿಯರ ಹಾಸ್ಟೆಲ್ ಮಾಡುತ್ತಾರಂತೆ ಎಂಬ ಸುದ್ದಿ ಬಂದಾಗ.

"ಅರವತ್ತು ಹುಡುಗೀರು ಅಂದ್ರೆ ತಮಾಷೆನಾ ಮಾರಾಯ? ನೋಡಕ್ ಬರೋರ ಬೈಕು, ಆಟೋ, ಸ್ಕೂಟಿ ಎಲ್ಲಾ ಎಲ್ ನಿಲ್ಸ್ತಾರೆ? ನಮ್ ಗಾಡಿ ಹೊಳೇಲಿ ನಿಲ್ಸದಾ?" ಎಂದು ಬಸವರಾಜು ಪಕ್ಕದ ಅಂಗಡಿಯ ಮಂಜುನಾಥ್ ಮುಂದೆ ಗುಡುಗಿದರು. ತಮ್ಮ ತಟ್ಟೆಯಲ್ಲಿ ಹೆಗ್ಗಣ ಸತ್ತು ಬಿದ್ದಿದ್ದರೂ ಪಕ್ಕದವರ ತಟ್ಟೆಯ ನೊಣ ಹುಡುಕುವುದು ಅಂದರೆ ಇದೇ.

ಪುರಸಭೆಗೆ ಕೊಡಲು ಆಕ್ಷೇಪಣೆ ಅರ್ಜಿ ಸಿದ್ಧವಾಯಿತು. ಬೀದಿಯವರ ಸಹಿ ಮುಗಿದ ಮೇಲೆ ಬಸವರಾಜು ಹಾಳೆಯನ್ನು ಒಳಗೆ, ಕಾಫಿ ಬೀಜ ಆರಿಸುವ ಹೆಂಗಸರ ಬಳಿಗೆ ತಂದರು. ಆ ಮಂಡಿಯಲ್ಲಿ ಅವರಪ್ಪನ ಕಾಲದಿಂದಲೂ ಒಂದು ರೂಢಿ: ಸಾವ್ಕಾರರು ಕಾಗದ ಚಾಚಿದರೆ ಏನೆಂದು ಕೇಳುವಂತಿಲ್ಲ. ಹದಿನಾಲ್ಕು ವರ್ಷದಿಂದ ಕೇಳದ ಹುಲಿಯಮ್ಮ ಅವತ್ತೂ ಸೆರಗಿಗೆ ಬೆರಳು ಒರೆಸಿಕೊಂಡು ಒತ್ತಿದಳು.

"ಮಗಳಿಗೆ ಬಿ.ಎಸ್ಸಿ. ಸೀಟು ಸಿಕ್ತೈತೆ ಸಾವ್ಕಾರ್ರೆ," ಎಂದಳು ಸಂಭ್ರಮದಿಂದ.

"ಒಳ್ಳೇದಾಯ್ತು ಕಣಮ್ಮ," ಎಂದ ಬಸವರಾಜು ಇಂಕಿನ ಪ್ಯಾಡನ್ನು ಮುಂದಿನವಳ ಕಡೆ ಸರಿಸಿದರು. ಮಾತು ಕಿವಿಗೆ ಬಿದ್ದಿತ್ತು, ತಲೆಗೆ ಹೋಗಿರಲಿಲ್ಲ.

ಪುರಸಭೆಯ ಅಹವಾಲು ಸಭೆಯಲ್ಲಿ ತೆಳ್ಳನೆಯ ಹುಡುಗಿಯೊಬ್ಬಳು ಎದ್ದು ನಿಂತು ತನ್ನ ಹೆಸರು ತನುಜಾ ಎಂದಳು. "ಸರ್, ನಮ್ಮತ್ರ ಸೈಕಲ್ಲೂ ಇಲ್ಲ. ಕಾಲೇಜು ಒಂಬತ್ತಕ್ಕೆ, ನಮ್ಮೂರ ಬಸ್ಸು ಬರೋದು ಹತ್ತೂವರೆಗೆ. ಸಾಯಂಕಾಲ ಲ್ಯಾಬ್ ಮುಗಿಯೋದ್ರೊಳಗೆ ವಾಪಸ್ ಹೋಗ್ಬುಡುತ್ತೆ. ಹಾಸ್ಟೆಲ್ ಆಗ್ದಿದ್ರೆ ಓದು ಸಾಕು ಅಂತ ಅಪ್ಪ ಹೇಳ್ಬುಟ್ಟೈತೆ. ರಸ್ತೆ ಕಟ್ಟಿರೋದು ನಾವಲ್ಲ ಸರ್."

ಬಸವರಾಜು ಬಿಡಲಿಲ್ಲ. "ಇದು ದುಡ್ಡಿರೋರ ಮಾತು ಅಂದ್ಕೋಬ್ಯಾಡಿ ಸ್ವಾಮಿ. ಕೂಲಿ ಹೆಂಗಸರೂ ಬ್ಯಾಡ ಅಂತವ್ರೆ. ಹೆಸರು ಓದಿ."

ಅಧಿಕಾರಿ ಓದಿದರು. "ಹುಲಿಯಮ್ಮ, ಹೊಂಗಡಹಳ್ಳ. ಹೆಬ್ಬೆಟ್ಟು."

"ಅದು ನಮ್ಮವ್ವ," ಎಂದಳು ತನುಜಾ. ಅಷ್ಟೇ. ಕುಳಿತವಳು ಮತ್ತೆ ಏಳಲಿಲ್ಲ.

ಬಸವರಾಜುವಿಗೆ ಎಲ್ಲೋ ಚುರುಕ್ ಎಂದಿತು. ಆದರೆ ಗೆದ್ದವನಿಗೆ ಚುರುಕು ಎಷ್ಟು ಹೊತ್ತು ಉಳಿಯುತ್ತದೆ? ಹಾಸ್ಟೆಲ್ ಯೋಜನೆ ಬಿದ್ದುಹೋಯಿತು. ಲಾಡ್ಜಿನ ಮುಂದಿನ ಜಾಗದಲ್ಲೂ ಜೀಪುಗಳು ನಿಂತವು.

ಜುಲೈ ತಿಂಗಳ ಒಂದು ದಿನ ಅವ್ವನ ಪಕ್ಕದಲ್ಲಿ ಮೊರ ಹಿಡಿದು ತನುಜಾ ಕೂತಿದ್ದಳು. ಒಡೆದ ಬೀಜ ಒಂದು ಕಡೆ, ಕಪ್ಪು ಬೀಜ ಒಂದು ಕಡೆ. ಕೈ ಆಗಲೇ ಪಳಗಿತ್ತು. ನಾಲ್ಕು ಗಂಟೆಗೆ ಬಸವರಾಜು ಹಾಜರಿ ಪುಸ್ತಕ ಚಾಚಿದಾಗ ಹುಡುಗಿ ಪೆನ್ನು ಮುಟ್ಟಲಿಲ್ಲ. ಹಾಳೆಯನ್ನು ಮೇಲಿನಿಂದ ಕೆಳಗಿನವರೆಗೆ ಓದತೊಡಗಿದಳು.

"ಹಾಜರಿ ಕಣಮ್ಮ ಅದು, ಸೈನ್ ಹಾಕು."

"ಓದಿ ಹಾಕ್ತೀನಿ ಸಾರ್. ಓದ್ದೆ ಒತ್ತಿದ್ದು ಒಂದ್ಸಲಕ್ಕೇ ಸಾಕಾಗೈತೆ."

ಬಸವರಾಜುವಿಗೆ ಕಪಾಳಕ್ಕೆ ಬಾರಿಸಿದಂತಾಯಿತು. "ಹೆಬ್ಬೆಟ್ಟು ಒತ್ತಿಸ್ಕೊಂಡಾಗ ನಿನ್ ಮಗಳೂ ಹಾಸ್ಟೆಲ್ ಸೇರೋಳು ಅಂತ ಗೊತ್ತಿರ್ಲಿಲ್ಲ ಹುಲಿಯಮ್ಮ. ನೀನಾದ್ರೂ ಏನಂತ ಕೇಳ್ಬೋದಿತ್ತು," ಎಂದರು.

"ಕೇಳಿದ್ರೆ ಕೆಲಸ ಇರ್ತಿತ್ತಾ ಸಾವ್ಕಾರ್ರೆ?" ಹುಲಿಯಮ್ಮ ಮುಖವನ್ನೂ ಎತ್ತಲಿಲ್ಲ.

ಮಾರನೆಯ ದಿನ ಬಸವರಾಜು ತಮ್ಮ ಕೈಯಾರೆ ಒಂದು ಅರ್ಜಿ ಬರೆದರು: ಆಕ್ಷೇಪಣೆ ವಾಪಸ್ ಪಡೆಯುತ್ತೇನೆ; ಬೀದಿ ಕಟ್ಟಿದ್ದು ನನ್ನ ಮಂಡಿಯ ವಾಹನಗಳು; ಕೂಲಿಯವರಿಗೆ ವಿಷಯ ತಿಳಿಸದೆ ಸಹಿ ಪಡೆದೆ. ಕೆಳಗೆ ತಮ್ಮೊಬ್ಬರದೇ ಸಹಿ. ನಾಲ್ಕು ಗಂಟೆಗೆ ಅದನ್ನು ತನುಜಾಳ ಕೈಗೆ ಕೊಟ್ಟು, "ಓದಮ್ಮ," ಎಂದರು.

ಅವಳು ಪೂರ್ತಿ ಓದಿದಳು. "ತಾರೀಕು ಹಾಕಿಲ್ಲ."

ಬಸವರಾಜು ತಾರೀಕು ಬರೆದರು. ಅವಳು ಅದನ್ನೂ ನೋಡಿದಳು. "ಅಡ್ಮಿಶನ್ ಮುಗ್ದು ಹದಿನಾರು ದಿನ ಆಯ್ತು ಸಾರ್," ಎಂದು ಹಾಳೆ ವಾಪಸ್ ಕೊಟ್ಟಳು. ದನಿಯಲ್ಲಿ ಸಿಟ್ಟೂ ಇರಲಿಲ್ಲ. "ಬಾರವ್ವ, ಬಸ್ಸು ಬಂತು."

ಹೊರಗೆ ಬಸ್ಸು ಪಿಕಪ್ಪಿನ ಹಿಂದೆ ಸಿಕ್ಕಿಕೊಂಡು ಹಾರ್ನ್ ಹೊಡೆಯುತ್ತಿತ್ತು. ಯಾವತ್ತೂ ತಮ್ಮ ಪಿಕಪ್ಪಿನ ಡ್ರೈವರನನ್ನು ಕೂಗಿ ಕರೆಯುತ್ತಿದ್ದ ಬಸವರಾಜು ಅರ್ಜಿಯನ್ನು ಜೇಬಿಗಿಟ್ಟು, ಕೀ ತೆಗೆದುಕೊಂಡು ತಾವೇ ಹೋಗಿ ಗಾಡಿಯನ್ನು ಹಿಂದಿನ ಅಂಗಳಕ್ಕೆ ಹಾಕಿದರು. ಅಲ್ಲಿ ಇನ್ನೂ ಆರು ಗಾಡಿಗೆ ಜಾಗವಿತ್ತು, ಮೊದಲಿನಿಂದಲೂ ಇತ್ತು.

ದಾರಿ ತೆರವಾಯಿತು. ಅವ್ವ-ಮಗಳಿಬ್ಬರನ್ನೂ ಹತ್ತಿಸಿಕೊಂಡು ಬಸ್ಸು ಹೊರಟಿತು. ಕಾಲೇಜು ಬಿಡಲು ಇನ್ನೂ ಒಂದು ಗಂಟೆ ಇತ್ತು.