ಸೊನ್ನೆ ಮಿಲಿಮೀಟರ್

ಧನಲಕ್ಷ್ಮಿಗೆ ನಗು ಬಂದರೆ ತಡೆಯುವುದು ಬ್ರಹ್ಮನಿಂದಲೂ ಆಗದ ಕೆಲಸ. ಯಲಹಂಕದ ಟೆಸ್ಟಿಂಗ್ ಲ್ಯಾಬಿಗೆ ಸೇರಿ ಐದು ತಿಂಗಳಾಗಿತ್ತು, ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಹಿಂದಿನ ಸಲ ಗಿರಾಕಿಗಳ ಮುಂದೆ ಕಿಸಕ್ಕೆಂದು ನಕ್ಕಿದ್ದಕ್ಕೆ ಮ್ಯಾನೇಜರ್ ನರೇಂದ್ರ, ಇನ್ನೊಮ್ಮೆ ಹೀಗಾದರೆ ಕಾಯಂ ಪತ್ರದ ಆಸೆ ಬಿಟ್ಟುಬಿಡಿ ಎಂದಿದ್ದರು. ಇವತ್ತು ಅವಳ ಸಹಿ ಬೀಳಬೇಕಾದ ಮೊದಲ ವರದಿ. ಬೆಳಗಿನಿಂದಲೇ ಹೊಟ್ಟೆಯಲ್ಲಿ ನಗು ಉಕ್ಕಲು ಕಾಯುತ್ತಿತ್ತು.

ಫೋನಿನ ರೇಡಿಯೊ ಅಲೆಗಳನ್ನು ಮೈ ಎಷ್ಟು ಹೀರುತ್ತದೆಂದು ಅಳೆಯುವುದು ಆ ಲ್ಯಾಬಿನ ಕೆಲಸ. ಅಳತೆ ಕಿಲೋಗೆ 1.6 ವ್ಯಾಟ್ ದಾಟಬಾರದು. ಅಳೆಸಿಕೊಳ್ಳಲು ಯಾವ ಮನುಷ್ಯ ಬಂದು ಮಲಗುತ್ತಾನೆ? ಅದಕ್ಕೇ ಒಂದು ಗೊಂಬೆ. ತೊಟ್ಟಿಯಂಥ ಮೈ, ಒಳಗೆ ಮಾಂಸದ ಗುಣ ಬರುವಂತೆ ಬೆರೆಸಿದ ನೀರು, ಮೇಲಿನಿಂದ ಅದರಲ್ಲಿ ಅಳೆಯುವ ಮೂಗು ಅದ್ದುವ ಯಂತ್ರದ ತೋಳು. ಲ್ಯಾಬಿನವರೆಲ್ಲ ಗೊಂಬೆಯನ್ನು ಭಾವ ಎನ್ನುತ್ತಿದ್ದರು. ಎಷ್ಟು ಫೋನು ಹಚ್ಚಿದರೂ ತುಟಿ ಪಿಟಕ್ಕೆನ್ನದ ಸಂಭಾವಿತ.

ಯಶವಂತಪುರದ ಕಂಪನಿಯೊಂದು ವಯಸ್ಸಾದ ಹೆಂಗಸರಿಗೆಂದೇ ದಪ್ಪ ಗುಂಡಿಗಳ ಪುಟ್ಟ ಫೋನು ಮಾಡಿತ್ತು. ಅದರ ಉಸ್ತುವಾರಿ ಬಾಗಲಕೋಟೆ ಕಡೆಯ ಸಂಗಮೇಶನದು. ಮೈಯಿಂದ ಹದಿನೈದು ಮಿಲಿಮೀಟರ್ ದೂರ ಇಟ್ಟು ಅಳೆಯಿರಿ ಎಂದು ಕಂಪನಿಯೇ ಬರೆದುಕೊಟ್ಟಿತ್ತು. ಅಷ್ಟು ದೂರದಲ್ಲಿ ಭಾವನಿಗೆ ಹಿಡಿದರೆ 0.9. ಪಾಸು. ಸಹಿ ಹಾಕಿದ್ದರೆ ಕಥೆ ಮುಗಿಯುತ್ತಿತ್ತು.

ಮುಗಿಯದಂತೆ ಮಾಡಿದ್ದು ಅವಳ ಅಜ್ಜಿ ಮುನಿಕೆಂಪಮ್ಮ. ಭಾನುವಾರ ಇಬ್ಬರೂ ರಾಜಾನುಕುಂಟೆಯ ಬಸ್ಸಿನಲ್ಲಿ ನಿಂತಿದ್ದಾಗ ಅಜ್ಜಿಯ ಎದೆ ಇದ್ದಕ್ಕಿದ್ದಂತೆ ಹಾಡತೊಡಗಿತು. ಬಸ್ಸಿಗೆ ಬಸ್ಸೇ ತಿರುಗಿ ನೋಡಿತು. ಅಜ್ಜಿ ರವಿಕೆಯೊಳಗೆ ಕೈ ಹಾಕಿ ಮೊದಲು ಎಲೆಅಡಿಕೆ ಚೀಲ, ಆಮೇಲೆ ಟಿಕೆಟ್ಟು, ಕೊನೆಗೆ ಫೋನು ತೆಗೆದಳು. ಧನಲಕ್ಷ್ಮಿ ನಕ್ಕೂ ನಕ್ಕೂ ಕಂಬ ಹಿಡಿದುಕೊಂಡಳು. ನಗು ನಿಂತಾಗ ತಲೆಯಲ್ಲಿ ಉಳಿದದ್ದು ಒಂದೇ: ಇಲ್ಲೆಲ್ಲಿದೆ ಹದಿನೈದು ಮಿಲಿಮೀಟರ್?

ಸೋಮವಾರ ಊಟದ ಬಿಡುವಿನಲ್ಲಿ ಆ ಪುಟ್ಟ ಫೋನನ್ನು ಭಾವನ ಎದೆಗೆ ಅಂತರವೇ ಇಲ್ಲದಂತೆ ಒತ್ತಿ ಅಳೆದಳು. 2.1 ಬಂತು.

ಈಗ ನರೇಂದ್ರ, ಸಂಗಮೇಶ ಕೂತ ಮೀಟಿಂಗಿನಲ್ಲಿ ಅದನ್ನು ಹೇಳಬೇಕು. ಹೇಳಬೇಕೆಂದರೆ ಟೈ ಕಟ್ಟಿದ ಇಬ್ಬರು ಗಂಡಸರ ಮುಂದೆ ರವಿಕೆ ಎನ್ನಬೇಕು. ‘ರ’ ಎನ್ನುವಷ್ಟರಲ್ಲೇ ನಗು ಒದ್ದುಕೊಂಡು ಬಂತು. ನರೇಂದ್ರ ಕಣ್ಣು ಕೆಕ್ಕರಿಸಿದರು. ಅವಳು ನೀರು ಕುಡಿದಳು, ಕೆಮ್ಮಿದಳು, ಅಜ್ಜಿಯ ಮುಖ ನೆನೆದಳು. ಕೊನೆಗೆ ನಗುತ್ತಲೇ, ಕಣ್ಣಲ್ಲಿ ನೀರು ಸುರಿಸುತ್ತಲೇ ಎಲ್ಲವನ್ನೂ ಹೇಳಿದಳು.

ಮಿತಿಯನ್ನು ಬಹಳ ತಗ್ಗಿಸಿಯೇ ಇಟ್ಟಿರುತ್ತಾರೆ, ಸ್ವಲ್ಪ ಮೀರಿದರೆ ಯಾರೂ ಸಾಯುವುದಿಲ್ಲ ಎಂದರು ನರೇಂದ್ರ. ಹಾಗಾದರೆ ಮಿತಿ ಯಾಕೆ, ನಾವು ಯಾಕೆ ಎಂದು ಅವಳು ಕೇಳಿದಳು. ಕೇಳಿದ ಮೇಲೆ ತನ್ನ ಕೆಲಸ ಹೋಯಿತು ಎಂದೂ ಅಂದುಕೊಂಡಳು. ಸಂಗಮೇಶನ ಮುಖ ಕೆಂಪಾಗಿತ್ತು. ಮುಂದಿನ ತಿಂಗಳು ಮಾರಾಟ ಶುರು. ಕೈಗೆ ಬಂದ ತುತ್ತು ಬಾಯಿಗೆ ಬರದಂತಾಗಿತ್ತು. ಫೋನಿನ ಜೊತೆ ದಾರವಿರುವ ಚೀಲ ಕೊಡುತ್ತೇವೆ, ರವಿಕೆಯಲ್ಲಿ ಯಾರೂ ಇಡುವುದಿಲ್ಲ ಎಂದ.

“ನಿಮ್ಮನೇಲೇ ಒಂದ್ಸಲ ಕೇಳಿ ಸರ್,” ಎಂದಳು ಧನಲಕ್ಷ್ಮಿ.

ಬಾಯಿ ಮುಚ್ಚಿಸಿಬಿಡುತ್ತೇನೆಂದು ಅವನು ಸ್ಪೀಕರ್ ಹಾಕಿ ತಾಯಿ ಚಂದ್ರವ್ವನಿಗೆ ಫೋನು ಮಾಡಿದ. ಶೆಟ್ಟಿಹಳ್ಳಿಯ ಮನೆಯಲ್ಲಿ ಆಕೆ ಜೋಳದ ರೊಟ್ಟಿ ಬಡಿದು ಮೆಸ್ಸುಗಳಿಗೆ ಕಳಿಸುತ್ತಿದ್ದಳು. ಆ ಕಡೆಯಿಂದ ಮೊದಲು ಬಟ್ಟೆ ಸರಿದ ಸದ್ದು, ಹಿಂದೆಯೇ ಪಟಪಟ ರೊಟ್ಟಿಯ ಸದ್ದು.

“ಯವ್ವಾ, ಫೋನ್ ಎಲ್ಲಿಟ್ಟಿದ್ದಿ?”

“ಎಲ್ಲಿಡ್ತಾರಪ್ಪ, ಕುಬಸದಾಗ. ಈ ಸಪ್ಪಳದಾಗ ಗಂಟಿ ಎಲ್ಲಿ ಕೇಳತೈತಿ? ಎದಿ ನಡುಗಿದ್ರ ನನ್ನ ಮಗ ಅಂತ ತಿಳೀತೈತಿ.”

“ಅಲ್ಲೇನವ್ವಾ?” ಎಂದ ಸಂಗಮೇಶ. ತಾಯಿ, ಅಲ್ಲಿಡಬಾರದೇನು, ಹೊರಗಿಡಲೇನು ಎಂದು ಕೇಳಿದಳು. ಹೊರಗಿಟ್ಟರೆ ನೀನು ಕರೆದದ್ದು ಹೇಗೆ ಗೊತ್ತಾಗಬೇಕು ಎಂದೂ ಅವಳೇ ಕೇಳಿದಳು.

“ಈಗ ಹೊರಗಿಡವ್ವಾ,” ಎಂದ. “ಅಲ್ಲೇ ಇಟ್ಕೊಳ್ಳೋ ಹಂಗ ಒಂದು ಮಾಡಿ ತರ್ತೀನಿ.”

ಫೋನು ಇಟ್ಟು ನರೇಂದ್ರರ ಕೈಯಿಂದ ಪೆನ್ನು ಇಸಕೊಂಡು, ತನ್ನ ಹಾಳೆಯ ಹದಿನೈದನ್ನು ಹೊಡೆದುಹಾಕಿ ಸೊನ್ನೆ ಬರೆದ. ಫೋನಿನ ಪವರ್ ತಗ್ಗಿಸಿಕೊಂಡು ಮತ್ತೆ ಬರುತ್ತೇನೆ, ಈ ಸಲದ್ದು ಫೇಲ್ ಎಂದೇ ಬರೆಯಿರಿ ಎಂದ. ನರೇಂದ್ರ ಅವಳತ್ತ ನೋಡಿ, ಏನು ನೋಡ್ತೀರಿ, ಸಹಿ ಹಾಕಿ ಎಂದರು. ಧನಲಕ್ಷ್ಮಿ ಫೇಲ್ ಎಂದು ಬರೆದು, ಕೆಳಗೆ ಇಷ್ಟುದ್ದ ತನ್ನ ಹೆಸರು ಬರೆದಳು. ಎಸ್ಸೆಸ್ಸೆಲ್ಸಿ ಪಾಸಾದ ದಿನವೂ ಅವಳಿಗೆ ಇಷ್ಟು ಖುಷಿಯಾಗಿರಲಿಲ್ಲ.